ಬಿಟ್ಟುಕೊಟ್ಟ ವಿಕೆಟ್ಟು

ಧರ್ಮಸೂಕ್ಷ್ಮವು ರಾಜಸಭೆಯಲ್ಲಿಯೂ ರಣರಂಗದಲ್ಲಿಯೂ ಮಾತ್ರ ತಲೆದೋರುವುದೆಂದು ತಿಳಿದವರು ಬಹಳ. ಅದು ಅಂಗಡಿಯ ತಕ್ಕಡಿಯಲ್ಲಿ, ಹೊಲದ ಬದುವಿನಲ್ಲಿ, ಹುಡುಗರು ಆಡುವ ಬಯಲಿನಲ್ಲಿ ಕೂಡ ಅಷ್ಟೇ ತೀಕ್ಷ್ಣವಾಗಿ ಎದುರು ನಿಲ್ಲುತ್ತದೆ. ತನಗೆ ಒದಗಿದ ಕಾಯಕವನ್ನು ಮನುಷ್ಯನು ಪೂರ್ಣಶಕ್ತಿಯಿಂದ ಮಾಡಬೇಕೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಜೊತೆಯವನ ಏಳಿಗೆಗಾಗಿ ಒಬ್ಬನು ತನ್ನ ಕಾಯಕವನ್ನು ಬೇಕೆಂದೇ ಸಡಿಲಿಸಬಹುದೆ? ತಾನು ಗಳಿಸಬಹುದಾಗಿದ್ದುದನ್ನು ಗಳಿಸದೆ ಬಿಟ್ಟರೆ ಅದು ಔದಾರ್ಯವೋ, ಕಾಯಕದ್ರೋಹವೋ?

ಗೃಹಸ್ಥರಿಗೆ ಈ ಪ್ರಶ್ನೆ ಹೊಸದಲ್ಲ. ಅಣ್ಣ ತಮ್ಮಂದಿರು ಕೂಡಿ ಅಂಗಡಿ ನಡೆಸುವಲ್ಲಿ, ಬಂದ ಗಿರಾಕಿಯನ್ನು ತಾನೇ ಮಾತನಾಡಿಸಬಲ್ಲ ಅಣ್ಣನು ಸುಮ್ಮನೆ ಲೆಕ್ಕದ ಪುಸ್ತಕದಲ್ಲಿ ತಲೆ ತಗ್ಗಿಸಿ, ತಮ್ಮನಿಗೆ ವ್ಯಾಪಾರ ಕುದುರಲೆಂದು ಕಾಯುತ್ತಾನೆ. ಸೊಸೆಯ ಕೈಯ ಹೋಳಿಗೆಗೆ ಹೊಗಳಿಕೆ ಬರಲೆಂದು ಅತ್ತೆಯು ಹಬ್ಬದ ದಿನ ಒಲೆಯ ಬಳಿಗೆ ಹೋಗದೆ ಉಳಿಯುತ್ತಾಳೆ. ಇಂಥವನ್ನು ಕಂಡವರು ಮೆಚ್ಚುತ್ತಾರೆ. ಆದರೆ ಅದೇ ಅಣ್ಣನು ಗಿರಾಕಿಗೆ ಬೇಕೆಂದೇ ಕೆಟ್ಟ ಸರಕನ್ನು ತೋರಿಸಿದರೆ, ಅದೇ ಅತ್ತೆಯು ತನ್ನ ಪಾಲಿನ ಸಾರಿಗೆ ಬೇಕೆಂದೇ ಉಪ್ಪು ಸುರಿದರೆ, ಮೆಚ್ಚುವವರು ಹಿಂದೆಗೆಯುತ್ತಾರೆ. ಸುಮ್ಮನಿರುವುದಕ್ಕೂ ಕೆಡಿಸುವುದಕ್ಕೂ ನಡುವೆ ಒಂದು ಗೆರೆಯಿದೆಯೆಂದು ಮನಸ್ಸಿಗೆ ತೋರುತ್ತದೆ. ಆ ಗೆರೆ ಎಲ್ಲಿದೆಯೆಂದು ಕೇಳಿದರೆ ಉತ್ತರ ಸುಲಭವಲ್ಲ.

ಇದಕ್ಕೆ ದೃಷ್ಟಾಂತವನ್ನು ಕ್ರಿಕೆಟ್ ಆಟದಿಂದ ಆಯ್ದುಕೊಂಡುದಕ್ಕೆ ಕೆಲವು ಹಿರಿಯ ವಾಚಕರು ಹುಬ್ಬು ಗಂಟಿಕ್ಕಬಹುದು. ಆದರೆ ವಾಡಿಯ ರೈಲು ಜಂಕ್ಷನ್ನಿನ ಆಸುಪಾಸಿನಲ್ಲಿ, ಸಿಮೆಂಟು ಕಾರ್ಖಾನೆಯ ವಸತಿಗಳ ಹಿಂದೆ, ಶಹಾಬಾದದ ಕಲ್ಲುಗಣಿಗಳ ಮಗ್ಗುಲಲ್ಲಿ ಬಯಲು ಸಿಕ್ಕಲ್ಲೆಲ್ಲ ಹುಡುಗರು ಮೂರು ಕೋಲು ನೆಟ್ಟು ಚೆಂಡೆಸೆಯುತ್ತಾರೆ; ಕೋಲಿಲ್ಲದಿದ್ದರೆ ಪರ್ಸಿ ಕಲ್ಲೊಂದನ್ನು ನಿಲ್ಲಿಸಿದರೂ ಅವರಿಗೆ ಸಾಕು. ತೊಗರಿಯ ರಾಶಿಯ ಕಾಲದಲ್ಲಿ ಮಗನು ಬಯಲಿಗೆ ಓಡಿದನೆಂದು ಗದರಿಸುವ ತಂದೆಗೆ ಆ ಆಟದಲ್ಲಿ ಏನಿದೆಯೆಂದು ತಿಳಿದಿರುವುದು ಒಳ್ಳೆಯದು. ಮೇಲಾಗಿ, ಮೇಲಿನ ಪ್ರಶ್ನೆಯನ್ನು ಇಷ್ಟು ಸ್ವಚ್ಛವಾಗಿ ಬಿಡಿಸಿಟ್ಟ ಪ್ರಸಂಗವು ಬೇರೆಡೆಯಲ್ಲಿ ಸುಲಭವಾಗಿ ಸಿಕ್ಕದು. ಅದರ ಇಬ್ಬರು ಪಾತ್ರಧಾರಿಗಳೂ ಕನ್ನಡಿಗರು.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಒಂದು ಪಕ್ಷದ ಸರದಿ ಮುಗಿಯಬೇಕಾದರೆ ಅದರ ಹತ್ತು ವಿಕೆಟ್ಟುಗಳು ಬೀಳಬೇಕು. ಚೆಂಡೆಸೆಯುವ ಬೌಲರನಿಗೆ ಒಮ್ಮೆಗೆ ಆರು ಎಸೆತಗಳು; ಅದಕ್ಕೆ ಓವರು ಎನ್ನುತ್ತಾರೆ. ಅದು ಮುಗಿದೊಡನೆ ಇನ್ನೊಂದು ತುದಿಯಿಂದ ಮತ್ತೊಬ್ಬ ಬೌಲರನು ತನ್ನ ಆರು ಎಸೆತಗಳನ್ನು ಎಸೆಯುತ್ತಾನೆ. ಒಬ್ಬನೇ ಎರಡು ಓವರುಗಳನ್ನು ಒಂದರ ಬೆನ್ನಿಗೊಂದು ಎಸೆಯುವಂತಿಲ್ಲ. ಹೀಗಾಗಿ ಎಂಥ ನಿಪುಣನಾದರೂ ಅರ್ಧದಷ್ಟು ಎಸೆತಗಳು ಇತರರ ಕೈಯಲ್ಲಿಯೇ ಇರುತ್ತವೆ. ಹತ್ತಕ್ಕೆ ಹತ್ತು ವಿಕೆಟ್ಟುಗಳೂ ಒಬ್ಬನ ಹೆಸರಿಗೆ ಬರಬೇಕಾದರೆ, ಅಷ್ಟು ಹೊತ್ತೂ ಎದುರು ತುದಿಯ ಬೌಲರುಗಳ ಕೈ ಬರಿದಾಗಿಯೇ ಉಳಿಯಬೇಕು. 1877ರಿಂದ ನಡೆದು ಬಂದ ಟೆಸ್ಟ್ ಪಂದ್ಯಗಳಲ್ಲಿ ಇದು ಮೂವರಿಗೆ ಮಾತ್ರ ಸಾಧ್ಯವಾಗಿದೆ: 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್, 1999ರಲ್ಲಿ ಅನಿಲ ಕುಂಬ್ಳೆ, 2021ರಲ್ಲಿ ನ್ಯೂಜಿಲೆಂಡಿನ ಪರವಾಗಿ ಮುಂಬಯಿಯಲ್ಲಿ ಆಡಿದ, ಮುಂಬಯಿಯಲ್ಲಿಯೇ ಹುಟ್ಟಿದ ಏಜಾಜ್ ಪಟೇಲ್.

1999ನೆಯ ಫೆಬ್ರವರಿ 7ರಂದು ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಬಯಲಿನಲ್ಲಿ ಪಾಕಿಸ್ತಾನದ ಪಕ್ಷವು 420 ರನ್ನುಗಳ ಗುರಿಯನ್ನು ಬೆನ್ನಟ್ಟಿತ್ತು. ಮೊದಲ ಜೋಡಿಯೇ 101 ರನ್ನು ಕೂಡಿಸಿತು. ಅಲ್ಲಿಂದ ಮುಂದೆ ವಿಕೆಟ್ಟುಗಳು ಒಂದೊಂದಾಗಿ ಕುಂಬ್ಳೆಯವರಿಗೇ ಬೀಳತೊಡಗಿದವು. ಒಂಬತ್ತು ಬಿದ್ದವು. ಕಡೆಯ ಜೋಡಿಯಾಗಿ ವಾಸಿಮ್ ಅಕ್ರಮ್ ಮತ್ತು ವಕಾರ್ ಯೂನುಸ್ ನಿಂತಿದ್ದರು. ಈಗ ಎದುರು ತುದಿಯಿಂದ ಓವರು ಎಸೆಯುವ ಸರದಿ ಜಾವಗಲ್ ಶ್ರೀನಾಥರದು. ಅವರು ಆ ಕಾಲದ ಭಾರತದ ಅಗ್ರಗಣ್ಯ ವೇಗದ ಬೌಲರು. ಕಡೆಯ ಇಬ್ಬರು ದಾಂಡಿಗರೂ ಮೂಲತಃ ಬೌಲರುಗಳೇ. ಅಂಥವರಲ್ಲೊಬ್ಬರನ್ನು ಉರುಳಿಸುವುದು ಶ್ರೀನಾಥರಿಗೆ ಅಶಕ್ಯವೇನೂ ಆಗಿರಲಿಲ್ಲ. ಅವರು ಚೆಂಡನ್ನು ಸ್ಟಂಪುಗಳಿಂದ ದೂರಕ್ಕೆ, ದಾಂಡಿಗನು ತಾನಾಗಿ ಮೈಮೇಲೆ ಎಳೆದುಕೊಂಡರಲ್ಲದೆ ಔಟಾಗದಷ್ಟು ದೂರಕ್ಕೆ ಎಸೆದರು. ಮುಂದಿನ ಓವರಿನ ಮೂರನೆಯ ಚೆಂಡಿಗೆ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣರು ಹಿಡಿದರು. 26 ಓವರು 3 ಚೆಂಡು, 74 ರನ್ನು, 10 ವಿಕೆಟ್ಟು. ಪಾಕಿಸ್ತಾನ 207ಕ್ಕೆ ಮುಗಿಯಿತು. ಭಾರತಕ್ಕೆ 212 ರನ್ನುಗಳ ಜಯ.

ಜನರು ಕುಂಬ್ಳೆಯವರನ್ನು ಹೊಗಳಿದರು, ಅದು ಯುಕ್ತವೇ. ಶ್ರೀನಾಥರ ಆ ಓವರನ್ನು ಗೆಳೆತನದ ಗುರುತೆಂದು ಕೊಂಡಾಡಿದರು. ಆದರೆ ವಿಚಾರವಂತನು ಇಲ್ಲಿ ತುಸು ತಡೆಯಬೇಕು. ವಿಕೆಟ್ಟು ಕೀಳುವುದಕ್ಕಾಗಿ ಎಸೆಯುವುದು ಬೌಲರನ ಕಾಯಕ. ಆ ಕಾಯಕಕ್ಕೆ ನಿಂತವನು, ಚೆಂಡನ್ನು ಕೈಯಲ್ಲಿ ಹಿಡಿದು, ಓಡಿ ಬಂದು, ವಿಕೆಟ್ಟು ಬೀಳದಿರಲೆಂದೇ ಎಸೆದನು. ಹೂಡಲು ಹೋದ ರೈತನು ನೇಗಿಲನ್ನು ನೆಲಕ್ಕೆ ತಾಗಿಸದೆ ಹೊಲವನ್ನು ಸುತ್ತಿ ಬಂದಂತೆ ಇದು ಆಗಲಿಲ್ಲವೆ?

ಶರಣರಲ್ಲಿ ಈ ಆಕ್ಷೇಪವನ್ನು ಎತ್ತಲು ಎಲ್ಲರಿಗಿಂತ ಅಧಿಕಾರವುಳ್ಳವನು ನುಲಿಯ ಚಂದಯ್ಯ. ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿರುವಾಗ ಕೊರಳ ಇಷ್ಟಲಿಂಗವೇ ಕಳಚಿ ನೀರಿಗೆ ಬಿದ್ದರೂ ಕೈಯ ಕೆಲಸವನ್ನು ಬಿಟ್ಟು ಅದನ್ನು ಹುಡುಕಲಿಲ್ಲವೆಂಬ ಕಥೆ ಆ ಶರಣನದು. ಲಿಂಗಕ್ಕಾಗಿಯೂ ತಪ್ಪಿಸಲೊಲ್ಲದ ಕಾಯಕವನ್ನು ಗೆಳೆಯನ ಕೀರ್ತಿಗಾಗಿ ತಪ್ಪಿಸಬಹುದೇ ಎಂದು ಚಂದಯ್ಯನು ಕೇಳಿದರೆ ಏನು ಹೇಳುವುದು? ಕಾಯಕವು ಕೀರ್ತಿಯ ಸೇವಕನಾದರೆ ಅದು ತನ್ನ ಕೀರ್ತಿಯಾದರೇನು, ಜೊತೆಯವನ ಕೀರ್ತಿಯಾದರೇನು? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಚಂದಯ್ಯನ ಪಕ್ಷಕ್ಕೆ ಆಟದ ಇತಿಹಾಸವೇ ಒಂದು ಸಾಕ್ಷಿಯನ್ನೂ ಒದಗಿಸುತ್ತದೆ. 1956ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಓಲ್ಡ್ ಟ್ರಾಫರ್ಡ್ ಬಯಲಿನಲ್ಲಿ ಜಿಮ್ ಲೇಕರ್ ಆಸ್ಟ್ರೇಲಿಯದ ಮೊದಲ ಸರದಿಯಲ್ಲಿ ಒಂಬತ್ತು, ಎರಡನೆಯ ಸರದಿಯಲ್ಲಿ ಹತ್ತು, ಒಟ್ಟು ಹತ್ತೊಂಬತ್ತು ವಿಕೆಟ್ಟುಗಳನ್ನು ಪಡೆದರು. ಇನ್ನೊಂದು ತುದಿಯಲ್ಲಿ ಟೋನಿ ಲಾಕ್ ಇದ್ದರು. ಇಬ್ಬರೂ ಸರೆ ಪ್ರಾಂತದ ಪಕ್ಷದವರು, ಒಟ್ಟಿಗೆ ಆಡಿ ಬೆಳೆದವರು. ಲಾಕ್ ಏನನ್ನೂ ಬಿಟ್ಟುಕೊಡಲಿಲ್ಲ. ಆ ಪಂದ್ಯದಲ್ಲಿ 69 ಓವರುಗಳನ್ನು ಎಸೆದು, ಲೇಕರರ ಚೆಂಡುಗಳಿಗೆ ಅಷ್ಟು ಒಲಿದ ಅದೇ ನೆಲದಿಂದ ಒಂದೇ ಒಂದು ವಿಕೆಟ್ಟನ್ನು ಪಡೆದರು. ಆಚೆ ವಿಕೆಟ್ಟು ಬಿದ್ದಂತೆಲ್ಲ ಅವರು ಈಚೆ ಇನ್ನಷ್ಟು ಬಿರುಸಾಗಿ ಎಸೆದರೆಂಬುದು, ಬಿರುಸು ಹೆಚ್ಚಿದಷ್ಟೂ ಫಲ ದೂರ ಸರಿಯಿತೆಂಬುದು ಪ್ರಸಿದ್ಧ. ಲೇಕರರ ಹತ್ತರಲ್ಲಿ ಯಾರ ದಾನವೂ ಇಲ್ಲ. ಲಾಕರ ಬರಿಗೈಯಲ್ಲಿ ಯಾವ ಸಡಿಲಿಕೆಯೂ ಇಲ್ಲ. ಇಬ್ಬರೂ ತಮ್ಮ ತಮ್ಮ ಕಾಯಕವನ್ನು ಮಾಡಿದರು, ಹಂಚಿದವರು ಅವರಲ್ಲ. ಹಾಗೆ ನೋಡಿದರೆ ದಿಲ್ಲಿಯಲ್ಲಿಯೂ ಆ ಸರದಿಯಲ್ಲಿ ಎಸೆದ ಹರಭಜನ್ ಸಿಂಗ್, ವೆಂಕಟೇಶ ಪ್ರಸಾದ್ ಇವರ ಕೈಗಳೂ ಬರಿದಾಗಿಯೇ ಉಳಿದವು. ಅವರನ್ನು ಯಾರೂ ನೆನೆಯುವುದಿಲ್ಲ, ಅವರು ಏನನ್ನೂ ಬಿಟ್ಟವರಲ್ಲವಾದ್ದರಿಂದ. ಲೋಕದ ನೆನಪು ಹೀಗೆ ವಿಚಿತ್ರವಾದುದು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಹೆಚ್ಚು ಕಟುವಾದುದು. ಬೌಲರನು ಗೆರೆಯನ್ನು ದಾಟಿ ಕಾಲಿಟ್ಟು ಎಸೆದರೆ ಅದು ನೋಬಾಲ್; ಅದೂ ವ್ಯರ್ಥವಾದ ಎಸೆತವೇ. 2010ರ ಆಗಸ್ಟಿನಲ್ಲಿ ಲಂಡನ್ನಿನ ಲಾರ್ಡ್ಸ್ ಬಯಲಿನಲ್ಲಿ ಪಾಕಿಸ್ತಾನದ ಇಬ್ಬರು ಬೌಲರುಗಳು, ಮಹಮ್ಮದ್ ಅಮೀರ್ ಮತ್ತು ಮಹಮ್ಮದ್ ಆಸಿಫ್, ಮೊದಲೇ ಗೊತ್ತುಮಾಡಿದ ಎಸೆತಗಳಲ್ಲಿ ಬೇಕೆಂದೇ ಗೆರೆ ದಾಟಿದರು. ಇದರಲ್ಲಿ ನಾಯಕ ಸಲ್ಮಾನ್ ಬಟ್ ಕೂಡ ಭಾಗಿಯಾಗಿದ್ದರು. ಕಾರಣ ಹಣ. 2011ರಲ್ಲಿ ಲಂಡನ್ನಿನ ನ್ಯಾಯಾಲಯವು ಮೂವರಿಗೂ ಸೆರೆವಾಸವನ್ನು ವಿಧಿಸಿತು. ಅಮೀರನಿಗೆ ಆ ಎಸೆತದ ಕಾಲದಲ್ಲಿ ಹದಿನೆಂಟು ವರ್ಷ. ಅಪರೂಪದ ಪ್ರತಿಭೆಯ ಹುಡುಗ. ಆ ಎಸೆತಗಳಿಂದ ಪಂದ್ಯದ ಜಯಾಪಜಯಗಳೇನೂ ಬದಲಾಗಲಿಲ್ಲ. ಎದುರಾಳಿಗೆ ಒಂದೆರಡು ರನ್ನು ಹೆಚ್ಚು ಸಿಕ್ಕಿತು, ಅಷ್ಟೆ.

ಹೊರಗಿನ ಕಣ್ಣಿಗೆ ಲಾರ್ಡ್ಸಿನ ಎಸೆತವೂ ಕೋಟ್ಲಾದ ಎಸೆತವೂ ಒಂದೇ. ಎರಡೂ ಬೇಕೆಂದೇ ಕೆಡಿಸಿದ ಎಸೆತಗಳು. ಎರಡರಿಂದಲೂ ಫಲಿತಾಂಶ ಕದಲಲಿಲ್ಲ. ಎರಡರಿಂದಲೂ ಎದುರಾಳಿಗೇ ಅಲ್ಪಲಾಭ. ಒಂದಕ್ಕೆ ಸೆರೆಮನೆ, ಒಂದಕ್ಕೆ ಪ್ರಶಂಸೆ. ಕಾಯಕವನ್ನು ಸಡಿಲಿಸುವುದೇ ದೋಷವೆನ್ನುವವನು ಎರಡನ್ನೂ ಖಂಡಿಸಬೇಕಾಗುವುದು. ಫಲಿತಾಂಶವೇ ಪ್ರಮಾಣವೆನ್ನುವವನು ಎರಡನ್ನೂ ಕ್ಷಮಿಸಬೇಕಾಗುವುದು. ಎರಡು ತೀರ್ಪುಗಳೂ ಮನಸ್ಸಿಗೆ ಒಗ್ಗುವುದಿಲ್ಲ. ಹಾಗೆ ಒಗ್ಗದಿರುವುದು ಕೇವಲ ಭಾವುಕತೆಯಲ್ಲ. ಲಾರ್ಡ್ಸಿನ ಬೌಲರನು ತನ್ನವರೆಂದು ನಂಬಿ ಕೂಡಿದ ಸಾವಿರಾರು ಜನರ ಕಣ್ಣಿಗೆ ಬಟ್ಟೆ ಕಟ್ಟಿದನು. ಆ ಎಸೆತದ ಅರ್ಥ ಗೊತ್ತಿದ್ದವರು ನಾಲ್ಕಾರು ಮಂದಿ ಮಾತ್ರ. ಕೋಟ್ಲಾದಲ್ಲಿ ಶ್ರೀನಾಥರು ಮಾಡಿದುದನ್ನು ಬಯಲಿನಲ್ಲಿ ಕುಳಿತ ಪ್ರತಿಯೊಬ್ಬನೂ ಕಂಡನು. ಎದುರಾಳಿ ದಾಂಡಿಗರೂ ಕಂಡರು. ಮುಚ್ಚಿಡಲಾಗದ ಕಾರ್ಯದಲ್ಲಿ ವಂಚನೆಗೆ ಎಡೆಯಿಲ್ಲ. ಲಾರ್ಡ್ಸಿನಲ್ಲಿ ಕೆಡಿಸಿದವನ ಕೈಗೆ ಲಾಭ ಬಂದಿತು. ಕೋಟ್ಲಾದಲ್ಲಿ ಕೆಡಿಸಿದವನದು ಕೇವಲ ನಷ್ಟ. ಆದರೆ ತನಗೆ ನಷ್ಟವಾದ ಮಾತ್ರಕ್ಕೆ ಕೃತ್ಯವು ಶುದ್ಧವಾಗುವುದಿಲ್ಲವೆಂಬುದನ್ನೂ ಮರೆಯಲಾಗದು. ತನ್ನ ಮನೆಯ ಕಾಳನ್ನು ನೆಂಟನಿಗೆ ಕೊಡಬಹುದು. ಊರವರು ಕೂಡಿಟ್ಟ ಕಣಜದ ಕಾಳನ್ನು ಕೊಡಬಹುದೆ? ಆದ್ದರಿಂದ ಬಿಟ್ಟುಕೊಟ್ಟ ಆ ವಿಕೆಟ್ಟು ಯಾರ ಸೊತ್ತು ಎಂಬುದನ್ನು ಮೊದಲು ನಿರ್ಣಯಿಸಬೇಕು.

ಬೌಲರನು ಆಟದಿಂದ ನಿವೃತ್ತನಾದ ಮೇಲೆ ಅವನ ಬಾಳಿನ ಬೆಲೆಯನ್ನು ಜನರು ಅಂಕೆಗಳಲ್ಲಿ ಹೇಳುತ್ತಾರೆ. ಕುಂಬ್ಳೆಯವರದು 132 ಟೆಸ್ಟುಗಳಲ್ಲಿ 619. ಶ್ರೀನಾಥರದು 67 ಟೆಸ್ಟುಗಳಲ್ಲಿ 236. ಅವರಿಬ್ಬರಿಗೂ ಹಿರಿಯರಾದ ಭಾಗವತ ಚಂದ್ರಶೇಖರರದು 58 ಟೆಸ್ಟುಗಳಲ್ಲಿ 242. ಈ ಚಂದ್ರಶೇಖರರ ವೃತ್ತಾಂತವು ಇಲ್ಲಿ ಚಿಂತನಾರ್ಹ. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರಿಗೆ ಎಳೆತನದಲ್ಲಿಯೇ ಪೋಲಿಯೋ ತಗುಲಿ ಬಲಗೈ ಬಡವಾಯಿತು. ಆ ಬಡಕಲು ಕೈಯಿಂದಲೇ ಅವರು ಚೆಂಡೆಸೆದರು. ಕೈ ಸೊರಗಿದ್ದುದರಿಂದಲೇ ಅದು ಚಾಟಿಯಂತೆ ಬಳುಕಿ ಚೆಂಡಿಗೆ ಅಸಾಧಾರಣ ವೇಗವನ್ನೂ ತಿರುವನ್ನೂ ಕೊಟ್ಟಿತೆಂದು ಬಲ್ಲವರ ಅಭಿಪ್ರಾಯ. ಅವರ ಚೆಂಡು ಎತ್ತ ತಿರುಗುವುದೆಂಬುದು ಕೆಲವೊಮ್ಮೆ ಅವರಿಗೇ ತಿಳಿಯುತ್ತಿರಲಿಲ್ಲವೆಂಬ ಮಾತೂ ಪ್ರಸಿದ್ಧವಾಗಿದೆ. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಬಯಲಿನಲ್ಲಿ 38 ರನ್ನಿಗೆ 6 ವಿಕೆಟ್ಟು ಕಿತ್ತು, ಇಂಗ್ಲೆಂಡನ್ನು 101ಕ್ಕೆ ಮುಗಿಸಿ, ಆ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ವಿಜಯವನ್ನು ತಂದವರು ಅವರೇ. ಆ ಆರನ್ನು ಅವರ ಗಳಿಕೆಯೆನ್ನಬೇಕಾದರೆ ರೋಗವು ಸೊರಗಿಸಿದ ಕೈಯ ಪಾಲೆಷ್ಟು? ದಾಂಡಿಗನಿಂದ ಕೆಲವೇ ಮೊಳ ದೂರದಲ್ಲಿ ಪ್ರಾಣಭಯವಿಲ್ಲದೆ ನಿಂತು ಕ್ಯಾಚು ಹಿಡಿಯುತ್ತಿದ್ದ ಏಕನಾಥ ಸೋಲ್ಕರರ ಪಾಲೆಷ್ಟು? ನೆಲದ ಪಾಲೆಷ್ಟು? ಪುಸ್ತಕದಲ್ಲಿ ಒಬ್ಬನ ಹೆಸರು ಬರೆಯುವುದು ಲೆಕ್ಕದ ಅನುಕೂಲಕ್ಕಾಗಿ. ಅದನ್ನು ಒಡೆತನವೆಂದು ಭ್ರಮಿಸಬಾರದು.

ಶಹಾಬಾದದ ಗಣಿಯಲ್ಲಿ ಕಲ್ಲು ಪದರ ಪದರವಾಗಿ ಮಲಗಿರುತ್ತದೆ. ಒಬ್ಬನು ಪದರದ ಸಂದಿನಲ್ಲಿ ಉಳಿಯನ್ನು ಹಿಡಿಯುತ್ತಾನೆ, ಮತ್ತೊಬ್ಬನು ಸುತ್ತಿಗೆಯಿಂದ ಹೊಡೆಯುತ್ತಾನೆ. ಹಿಡಿದವನ ಕೈ ಅಲುಗಿದರೆ ಹೊಡೆತ ವ್ಯರ್ಥ, ಹೊಡೆದವನ ಗುರಿ ತಪ್ಪಿದರೆ ಹಿಡಿದವನ ಬೆರಳೇ ಜಜ್ಜಿಹೋದೀತು. ಕಡೆಗೆ ಮೇಲೆದ್ದ ಹಾಸುಗಲ್ಲು ಯಾರದು? ಹೊಡೆತದ ಸದ್ದು ದೂರಕ್ಕೆ ಕೇಳುವುದರಿಂದ ಹೊಡೆದವನದೆಂದು ದಾರಿಹೋಕನು ತಿಳಿಯಬಹುದು. ಗಣಿಯಲ್ಲಿ ದುಡಿಯುವವರು ಹಾಗೆ ಹೇಳುವುದಿಲ್ಲ. ಬೀಸುವ ಕಲ್ಲಿನ ಒಂದೇ ಗೂಟಕ್ಕೆ ಇಬ್ಬರು ಹೆಂಗಸರು ಕೈಯಿಟ್ಟು ಜೋಳ ಬೀಸುತ್ತಿದ್ದ ಕಾಲವನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೂ ಇಲ್ಲ. ಒಬ್ಬಳು ಎಳೆದಾಗ ಇನ್ನೊಬ್ಬಳು ಕೈ ಸಡಿಲಿಸಲೇಬೇಕು. ಇಬ್ಬರೂ ತಮ್ಮ ಕಡೆಗೇ ಎಳೆದರೆ ಕಲ್ಲು ನಿಂತುಹೋಗುತ್ತದೆ. ಅಲ್ಲಿ ಸಡಿಲಿಸುವುದು ಕಾಯಕಕ್ಕೆ ಹೊರತಲ್ಲ, ಕಾಯಕದ ಒಂದಂಗ. ಎರಡು ತುದಿಗಳಿಂದ ಎಸೆಯುವ ಇಬ್ಬರು ಬೌಲರುಗಳ ಸಂಬಂಧವೂ ಹೆಚ್ಚುಕಡಿಮೆ ಇದೇ ಬಗೆಯದು. ಒಬ್ಬನು ರನ್ನು ಬಿಡದೆ ಕಟ್ಟಿಹಾಕಿದರೆ, ಅದರಿಂದ ಬೇಸತ್ತ ದಾಂಡಿಗನು ಇನ್ನೊಬ್ಬನ ಚೆಂಡಿಗೆ ದುಡುಕಿ ಔಟಾಗುತ್ತಾನೆ. ಹೀಗೆ ಗುಪ್ತವಾಗಿ ದಿನನಿತ್ಯವೂ ನಡೆಯುವ ಕೊಡುಕೊಳೆಯು ಆ ಒಂದು ಓವರಿನಲ್ಲಿ ಬಹಿರಂಗವಾಯಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನು ನೆನಪಿಗೆ ಬರುತ್ತಾಳೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಕದ್ದು ತಂದುದಲ್ಲ, ಬೇಡಿ ತಂದುದಲ್ಲ, ಆಯ್ದೇ ತಂದುದು. ಆದರೂ ಆ ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳು. ದುಡಿಯಬಲ್ಲೆನೆಂಬ ಮಾತ್ರಕ್ಕೆ ದುಡಿದುದೆಲ್ಲ ತನ್ನದಾಗುವುದಿಲ್ಲ. ಅಗತ್ಯವು ತೀರಿದ ಮೇಲೆ ಉಳಿದುದು ಬೇರೆಯವರ ಪಾಲು. ಚಂದಯ್ಯನೂ ಲಕ್ಕಮ್ಮನೂ ಒಂದೇ ಅಂಗಳದವರು. ಕೈಯ ಕೆಲಸವನ್ನು ಬಿಡಬೇಡವೆಂದು ಅವನ ಬಾಳು ಹೇಳಿದರೆ, ಕೈಗೆ ಬಂದುದನ್ನೆಲ್ಲ ತುಂಬಿಕೊಳ್ಳಬೇಡವೆಂದು ಇವಳ ಬಾಳು ಹೇಳುತ್ತದೆ. ದಿಲ್ಲಿಯಲ್ಲಿ ಆ ಹೊತ್ತಿಗೆ ಪಕ್ಷದ ಅಗತ್ಯವು ತೀರಿತ್ತು. ಇನ್ನೂರಕ್ಕೂ ಹೆಚ್ಚು ರನ್ನು ಬಾಕಿಯಿದ್ದು ಕಡೆಯ ಜೋಡಿ ನಿಂತಿರುವಾಗ ಭಾರತದ ಗೆಲವು ಶ್ರೀನಾಥರ ಒಂದು ವಿಕೆಟ್ಟನ್ನು ಕಾದಿರಲಿಲ್ಲ. ಅವರು ಬಿಟ್ಟುದು ಊರ ಕಣಜದ ಕಾಳನ್ನಲ್ಲ, ಮಾರಯ್ಯನ ಆ ಹೆಚ್ಚಿನ ಅಕ್ಕಿಯನ್ನು.

ಈ ಸಮರ್ಥನೆಗೆ ಮಿತಿಯಿದೆ, ಅದನ್ನು ಖಂಡಿತವಾಗಿ ಹೇಳಬೇಕು. ಗೆಲ್ಲಲು ಪಾಕಿಸ್ತಾನಕ್ಕೆ ಇಪ್ಪತ್ತೇ ರನ್ನು ಉಳಿದಿದ್ದರೆ ಅದೇ ಓವರು ಅಪರಾಧವಾಗುತ್ತಿತ್ತು. ಗೆಳೆತನದ ಹೆಸರು ಅದನ್ನು ಕಾಯುತ್ತಿರಲಿಲ್ಲ. ಪಕ್ಷಕ್ಕೇ ನಷ್ಟವಾಗುವಂತೆ ವಿಕೆಟ್ಟನ್ನು ಬಿಟ್ಟುಕೊಡುವುದು ಒಂದೇ ಒಂದು ಕಾರಣಕ್ಕೆ ಸಲ್ಲುತ್ತದೆ. ಅದಕ್ಕೂ ಒಬ್ಬ ಕನ್ನಡಿಗರೇ ಸಾಕ್ಷಿ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ಭಾರತದ ನಾಯಕರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು. ಇಂಗ್ಲೆಂಡು 58 ರನ್ನಿಗೆ ಐದು ವಿಕೆಟ್ಟು ಕಳೆದುಕೊಂಡು ಕುಸಿದಿತ್ತು. ಬಾಬ್ ಟೇಲರ್ ಔಟೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿರಲಿಲ್ಲವೆಂದು ಮನಗಂಡ ವಿಶ್ವನಾಥರು ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಕೂಡಿ 171 ರನ್ನು ಬೆಳೆಸಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಸೋತಿತು. ಅಲ್ಲಿ ಬಿಟ್ಟುಕೊಟ್ಟುದು ಸತ್ಯಕ್ಕಾಗಿ. ಸುಳ್ಳಾಗಿ ಬಂದ ವಿಕೆಟ್ಟು ಪಕ್ಷದ ಸೊತ್ತೂ ಅಲ್ಲವಾದ್ದರಿಂದ ಅದನ್ನು ಬಿಡಲು ಪಕ್ಷದ ಅಪ್ಪಣೆಯೂ ಬೇಕಿರಲಿಲ್ಲ. ಸತ್ಯಕ್ಕಾಗಿ ಸೋಲನ್ನು ಕೂಡ ತೆರಬಹುದು. ಸ್ನೇಹಕ್ಕಾಗಿ ತೆರಬಹುದಾದುದು ತನ್ನ ಪಾಲಿನ ಹೆಚ್ಚಳವನ್ನು ಮಾತ್ರ. ವಿಶ್ವನಾಥರ ಕಾರ್ಯವು ಶ್ರೀನಾಥರ ಕಾರ್ಯಕ್ಕಿಂತ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಗೃಹಸ್ಥನ ದಿನನಿತ್ಯದಲ್ಲಿ ಎದುರಾಗುವುದು ಬಹುಮಟ್ಟಿಗೆ ಶ್ರೀನಾಥರಿಗೆ ಎದುರಾದಂಥ ಪ್ರಸಂಗವೇ.

ಪಡೆದವರ ಕಡೆಯಿಂದಲೂ ಈ ಪ್ರಸಂಗವನ್ನು ನೋಡಬೇಕು. ಹತ್ತನ್ನೂ ತಾನೇ ಪಡೆಯಬೇಕೆಂಬ ಬಯಕೆ ಲೋಭವಲ್ಲವೆ, ಅದಕ್ಕೆ ನೀರೆರೆದುದು ದಾಸೋಹವಾದೀತೆ ಎಂದು ಲಕ್ಕಮ್ಮನೇ ತಿರುಗಿ ಕೇಳಿಯಾಳು. ದಾಖಲೆಯ ಮೋಹವು ಲೋಭವೇ, ಅದನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೆ ಕುಂಬ್ಳೆಯವರ ಸ್ವಭಾವವನ್ನು ಅಳೆಯಲು ಇನ್ನೊಂದು ದಿನವೂ ಇದೆ. 2002ರ ಮೇ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಆಂಟಿಗುವಾ ದ್ವೀಪದಲ್ಲಿ ದಾಂಡಿಗರಾಗಿ ನಿಂತಾಗ ಚೆಂಡು ಬಡಿದು ಅವರ ದವಡೆ ಮುರಿಯಿತು. ತಲೆಗೂ ಗದ್ದಕ್ಕೂ ಬಟ್ಟೆ ಬಿಗಿದುಕೊಂಡು ಬಯಲಿಗೆ ಮರಳಿ ಬಂದು 14 ಓವರುಗಳನ್ನು ಎಸೆದು, ಬ್ರಯನ್ ಲಾರಾ ಎಂಬ ಮಹಾದಾಂಡಿಗನನ್ನು ಔಟು ಮಾಡಿ, ಬಳಿಕ ಚಿಕಿತ್ಸೆಗಾಗಿ ಬೆಂಗಳೂರಿಗೆ ಹೊರಟರು. ಅಂದು ಅವರಿಗೆ ದೊರೆತುದು ಒಂದೇ ವಿಕೆಟ್ಟು. ಆ ಪಂದ್ಯ ಗೆಲವೂ ಇಲ್ಲದೆ ಸೋಲೂ ಇಲ್ಲದೆ ಮುಗಿಯಿತು. ಚಂದಯ್ಯನು ಕಂಡಿದ್ದರೆ ತನ್ನವನೆಂದು ಹತ್ತಿರ ಕರೆಯುತ್ತಿದ್ದನು. ಕಾಸರಗೋಡಿನ ಕುಂಬಳೆ ಎಂಬ ಊರಿನ ಹೆಸರನ್ನು ಹೊತ್ತ ಆ ಮನೆತನದ ಮಗನು ಒಲಿದು ಬಂದ ಕಾಣಿಕೆಗೆ ಅಯೋಗ್ಯನಾಗಿರಲಿಲ್ಲ. ಕೊಟ್ಟವನ ಓವರು ಮುಗಿದ ಮೇಲೂ ಹತ್ತನೆಯ ವಿಕೆಟ್ಟನ್ನು ತಾನೇ ದುಡಿದು ಪಡೆಯಬೇಕಾಗಿತ್ತು. ಶ್ರೀನಾಥರು ಕೊಟ್ಟುದು ವಿಕೆಟ್ಟನ್ನಲ್ಲ, ಅದಕ್ಕಾಗಿ ದುಡಿಯಲು ಬೇಕಾದ ಆರು ಚೆಂಡುಗಳ ಅವಕಾಶವನ್ನು ಮಾತ್ರ.

ಇಬ್ಬರೂ ಈಗ ನಿವೃತ್ತರು. ಶ್ರೀನಾಥರು 2003ರ ವಿಶ್ವಕಪ್ಪಿನ ತರುವಾಯ ಆಟದಿಂದ ಸರಿದು, 2006ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಪಂದ್ಯದ ರೆಫರಿಯಾದರು. ಗೆರೆಯ ಹೊರಗೆ ಕುಳಿತು, ಆಟಗಾರರ ನಡತೆಯಲ್ಲಿ ಸಲ್ಲುವುದು ಯಾವುದು ಸಲ್ಲದುದು ಯಾವುದು ಎಂದು ತೀರ್ಪು ಕೊಡುವ ಹುದ್ದೆ ಅದು. ಕುಂಬ್ಳೆಯವರು 2008ರ ನವೆಂಬರ್ 2ರಂದು ಅದೇ ಕೋಟ್ಲಾ ಬಯಲಿನಲ್ಲಿ ನಿವೃತ್ತಿಯನ್ನು ಸಾರಿದರು. 2010ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಕುಂಬ್ಳೆಯವರು ಅಧ್ಯಕ್ಷರಾಗಿಯೂ ಶ್ರೀನಾಥರು ಕಾರ್ಯದರ್ಶಿಯಾಗಿಯೂ ಚುನಾಯಿತರಾಗಿ ಮತ್ತೊಮ್ಮೆ ಎರಡು ತುದಿಗಳಿಂದ ಕೆಲಸ ಮಾಡಿದರು.

ದಿಲ್ಲಿಯ ಆ ಪಂದ್ಯದ ಅಂಕಪಟ್ಟಿಯನ್ನು ಇಂದು ತೆರೆದರೆ ಶ್ರೀನಾಥರ ಹೆಸರಿನ ಮುಂದೆ ಎರಡನೆಯ ಸರದಿಯ ವಿಕೆಟ್ಟುಗಳ ಕಾಲಮಿನಲ್ಲಿ ಸೊನ್ನೆ ಕಾಣುತ್ತದೆ. ಅದು ಲಾಕ್ ಪಡೆದಂಥ ಸೊನ್ನೆಯೋ ಬೇರೆ ಬಗೆಯ ಸೊನ್ನೆಯೋ ಎಂದು ಪಟ್ಟಿ ಹೇಳುವುದಿಲ್ಲ. ಅದಾದ ಒಂಬತ್ತು ದಿನಗಳ ಮೇಲೆ, ಫೆಬ್ರವರಿ 16ರಂದು, ಅದೇ ಪಾಕಿಸ್ತಾನದೊಡನೆ ಕಲಕತ್ತೆಯಲ್ಲಿ ಮುಂದಿನ ಟೆಸ್ಟು ಮೊದಲಾಯಿತು. ಅಲ್ಲಿ ಶ್ರೀನಾಥರು ಮೊದಲ ಸರದಿಯಲ್ಲಿ 46 ರನ್ನಿಗೆ 5, ಎರಡನೆಯದರಲ್ಲಿ 86 ರನ್ನಿಗೆ 8, ಒಟ್ಟು 13 ವಿಕೆಟ್ಟುಗಳನ್ನು ಪಡೆದರು. ಅವರ ಬಾಳಿನ ಅತಿ ಶ್ರೇಷ್ಠ ಪಂದ್ಯ ಅದು. ಪ್ರೇಕ್ಷಕರ ಗಲಭೆಯಿಂದಾಗಿ ಕಡೆಯ ದಿನ ಪೋಲೀಸರು ಬಯಲಿನ ಸುತ್ತಲಿನ ಆಸನಗಳನ್ನೆಲ್ಲ ಬರಿದುಮಾಡಿಸಿದರು. ನೋಡುವವರಿಲ್ಲದ ಆ ಬಯಲಿನಲ್ಲಿ ಭಾರತವು 46 ರನ್ನುಗಳಿಂದ ಸೋತಿತು.